ಕಾಲೇಜು ಗುಡ್ಡದ ಬುಡದ ಸಭೆ

ಧಾರವಾಡದ ನಮ್ಮ ಮನೆಯಲ್ಲಿ ಚರ್ಚ್ ಎಂದರೆ ಕಟ್ಟಡ. ಅಲ್ಲಿ ಕೂಡುವ ಜನರನ್ನು ಹಿರಿಯರು ಸಭೆ ಎಂದೇ ಕರೆಯುತ್ತಿದ್ದರು. ‘ಸಭೆಗೆ ತಿಳಿಸಬೇಕು’, ‘ಸಭೆ ಒಪ್ಪಬೇಕು’ ಎಂಬ ಮಾತುಗಳನ್ನು ಕೇಳುತ್ತ ಬೆಳೆದವಳು ನಾನು. ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರಕ್ಕೆ ಬಂದಾಗ, ಇಲ್ಲಿನ ಮೊದಲ ಬ್ಯಾಪ್ಟಿಸ್ಟ್ ಚರ್ಚಿನವರು ತಮ್ಮ ಕಟ್ಟಡವನ್ನು ‘ಮೀಟಿಂಗ್ ಹೌಸ್’, ಅಂದರೆ ಸಭೆ ಕೂಡುವ ಮನೆ ಎನ್ನುವುದನ್ನು ಕೇಳಿ ನನಗೆ ಊರಿನ ಮಾತು ಕೇಳಿದಂತಾಯಿತು. ಎರಡು ಲಕ್ಷಕ್ಕೂ ಕಡಿಮೆ ಜನರಿರುವ ಈ ಊರಿನ ಸಭೆ ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಲ್ಲೆಲ್ಲ ಅತ್ಯಂತ ಹಳೆಯದು.

ಇದರ ಕಥೆ ಒಂದು ಗಡೀಪಾರಿನಿಂದ ಆರಂಭವಾಗುತ್ತದೆ. ಮನುಷ್ಯನ ಆತ್ಮಸಾಕ್ಷಿಯ ಮೇಲೆ ಸರಕಾರಕ್ಕೆ ಅಧಿಕಾರವಿಲ್ಲವೆಂದೂ ಮೂಲನಿವಾಸಿಗಳ ನೆಲವನ್ನು ಇಂಗ್ಲೆಂಡಿನ ರಾಜ ಬೇರೆಯವರಿಗೆ ಬರೆದುಕೊಡುವಂತಿಲ್ಲವೆಂದೂ ಬೋಧಿಸಿದ ಕಾರಣಕ್ಕೆ ರಾಜರ್ ವಿಲಿಯಮ್ಸ್ ಎಂಬ ಯುವ ಬೋಧಕರನ್ನು ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತ 1635ರಲ್ಲಿ ಹೊರಹಾಕಿತು. ಅವರು 1636ರ ಜನವರಿಯ ಹಿಮದಲ್ಲಿ ಮನೆ ಬಿಟ್ಟು ನಡೆದರು. ಅವರು ನೆಲೆಸಲು ನ್ಯಾರಗಾನ್ಸೆಟ್ ಎಂಬ ಮೂಲನಿವಾಸಿ ಜನರ ಮುಖಂಡರಾದ ಕೆನಾನಿಕಸ್ ಮತ್ತು ಮಿಯಾಂಟನೋಮಿ ನೆಲ ಕೊಟ್ಟರು. ದೇವರ ಕಾಯುವಿಕೆಯನ್ನು ನೆನೆದು ವಿಲಿಯಮ್ಸ್ ಆ ಸ್ಥಳಕ್ಕೆ ಪ್ರಾವಿಡೆನ್ಸ್ ಎಂದು ಹೆಸರಿಟ್ಟರು. 1638ರ ಕೊನೆಯ ಹೊತ್ತಿಗೆ ಎಜಿಕಿಯೆಲ್ ಹೋಲಿಮನ್ ಎಂಬವರಿಂದ ಅವರು ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ ಪಡೆದು, ತಿರುಗಿ ಹೋಲಿಮನ್ನರಿಗೂ ಇನ್ನು ಹತ್ತು ಮಂದಿಗೂ ತಾವೇ ದೀಕ್ಷಾಸ್ನಾನ ಕೊಟ್ಟರು. ಈ ಸಭೆ ಹುಟ್ಟಿದ್ದು ಹೀಗೆ. ನಂಬಿಕೆಯನ್ನು ತಾನೇ ಬಾಯಿಬಿಟ್ಟು ಹೇಳಬಲ್ಲವರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲಬೇಕು, ಹಸುಗೂಸುಗಳಿಗಲ್ಲ ಎಂಬುದು ಬ್ಯಾಪ್ಟಿಸ್ಟರ ಮೂಲ ನಿಲುವು. ಬಾಸೆಲ್ ಮಿಷನ್ ಪರಂಪರೆಯಲ್ಲಿ ತಾಯಿಯ ತೋಳಿನಲ್ಲಿದ್ದಾಗಲೇ ಹಣೆಗೆ ನೀರು ತಾಗಿಸಿಕೊಂಡ ನನಗೆ ಈ ನಿಲುವು ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಅದರ ಹಿಂದಿರುವ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ.

ಕೆಲವೇ ತಿಂಗಳಲ್ಲಿ ವಿಲಿಯಮ್ಸ್ ಆ ಸಭೆಯನ್ನೂ ಬಿಟ್ಟರು. ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ ಕಾಲದ ಅಧಿಕಾರ ಈಗ ಯಾರ ಕೈಯಲ್ಲೂ ಉಳಿದಿಲ್ಲ, ಹಾಗಿರುವಾಗ ದೀಕ್ಷಾಸ್ನಾನ ಕೊಡಲು ನಮಗೇನು ಹಕ್ಕು ಎಂಬ ಸಂಶಯ ಅವರನ್ನು ಕಾಡಿತು. ಸ್ಥಾಪಕರು ಹೊರಟುಹೋದರೂ ಸಭೆ ಚದುರಲಿಲ್ಲ. ಮನೆಗಳಲ್ಲಿಯೂ ಮರಗಳ ನೆರಳಿನಲ್ಲಿಯೂ ಕೂಡುತ್ತ, ನಡುವೆ ಒಮ್ಮೆ ಒಡೆದು, ಆರು ದಶಕಗಳಷ್ಟು ಕಾಲ ಸ್ವಂತ ಕಟ್ಟಡವಿಲ್ಲದೆ ಅದು ಬದುಕಿತು. 1700ರಲ್ಲಿ ಪಾರ್ಡನ್ ಟಿಲ್ಲಿಂಗ್‌ಹಾಸ್ಟ್ ಎಂಬ ಸಭಾಪಾಲಕರು ತಮ್ಮ ಹಣದಿಂದಲೇ ಮೊದಲ ಕಟ್ಟಡವನ್ನು ಕಟ್ಟಿಸಿದರು. ಈ ಸಭೆಯ ಇತಿಹಾಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು, ನೋಡಲು ಏನೂ ಉಳಿದಿಲ್ಲದ ಆ ಮೊದಲ ಅರವತ್ತೆರಡು ವರ್ಷಗಳೇ.

ಈಗ ನಾವು ನೋಡುವ ಬಿಳಿಯ ಮರದ ಕಟ್ಟಡ 1774–75ರದ್ದು. ಇಂದು ಬ್ರೌನ್ ವಿಶ್ವವಿದ್ಯಾಲಯವೆನಿಸಿರುವ ಕಾಲೇಜು 1770ರಲ್ಲಿ ಈ ಊರಿಗೆ ಬಂದಿತ್ತು. ಅದರ ಅಧ್ಯಕ್ಷರಾದ ಜೇಮ್ಸ್ ಮ್ಯಾನಿಂಗ್ ಅವರೇ ಸಭಾಪಾಲಕರೂ ಆದರು. ದೇವರ ಆರಾಧನೆಗೂ ಕಾಲೇಜಿನ ಪದವಿ ಪ್ರದಾನಕ್ಕೂ ಒದಗುವಂತೆ ಒಂದೇ ಮನೆ ಕಟ್ಟಬೇಕೆಂದು ಸಭೆ ನಿರ್ಧರಿಸಿತು. ಹಣ ಕೂಡಿಸಲು ಸರಕಾರದ ಅನುಮತಿ ಪಡೆದು ಲಾಟರಿ ನಡೆಸಿದರು ಎಂಬುದನ್ನು ಓದಿ ನನಗೆ ಆಶ್ಚರ್ಯವಾಯಿತು. ನಮ್ಮ ಸಭೆಯ ಹಿರಿಯರು ಇದಕ್ಕೆ ಖಂಡಿತ ಒಪ್ಪುತ್ತಿರಲಿಲ್ಲ. ಬಾಸ್ಟನ್ ಬಂದರನ್ನು ಬ್ರಿಟಿಷರು ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ಹಡಗು ಕಟ್ಟುವ ಬಡಗಿಗಳು ಇಲ್ಲಿಗೆ ಬಂದು ದುಡಿದರು. 185 ಅಡಿ ಎತ್ತರದ ಗೋಪುರವನ್ನು ಮೂರೂವರೆ ದಿನಗಳಲ್ಲಿ ನಿಲ್ಲಿಸಿದರು. ಆ ಗೋಪುರ 1815ರ ಮಹಾ ಬಿರುಗಾಳಿಯನ್ನೂ ತಾಳಿಕೊಂಡಿತು. ಊರಿನ ಜನಸಂಖ್ಯೆ 4,321 ಇದ್ದ ಕಾಲದಲ್ಲಿ ಸುಮಾರು 1,200 ಮಂದಿ ಕೂರುವ ಮನೆಯನ್ನು ಕಟ್ಟಿದವರ ಧೈರ್ಯ ದೊಡ್ಡದು.

ಆಗ ಗೋಪುರಕ್ಕೇರಿಸಿದ ಗಂಟೆಯ ಮೇಲೆ ನಾಲ್ಕು ಸಾಲಿನ ಪದ್ಯವೊಂದನ್ನು ಅಚ್ಚೊತ್ತಿಸಿದ್ದರು. ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಈ ಊರು ಹುಟ್ಟಿತು, ಇಲ್ಲಿಯ ಜನ ಬಲವಂತ ಮಾಡದೆ ಮನವೊಲಿಸಿದರು ಎಂಬುದು ಅದರ ಮೊದಲೆರಡು ಸಾಲುಗಳ ಭಾವ. ಆ ಗಂಟೆ ಮುಂದೆ ಒಡೆದು ಮತ್ತೆ ಎರಕಗೊಂಡಿತು. ಗಂಟೆಯ ಕೆಳಗೆ, ಪಶ್ಚಿಮದ ಮೇಲ್ಗ್ಯಾಲರಿಯಲ್ಲಿ ಗುಲಾಮರನ್ನೂ ಇತರ ಕಪ್ಪು ಜನರನ್ನೂ ಪ್ರತ್ಯೇಕವಾಗಿ ಕೂರಿಸುತ್ತಿದ್ದರು. ಈ ಸುಂದರ ಮನೆಯ ನಕ್ಷೆ ರೂಪಿಸಿದ ಜೋಸೆಫ್ ಬ್ರೌನ್ ಮತ್ತು ಅವರ ಮೂವರು ಸಹೋದರರ ವ್ಯಾಪಾರ ಸಂಸ್ಥೆ 1764ರಲ್ಲಿ ‘ಸ್ಯಾಲಿ’ ಎಂಬ ಹಡಗನ್ನು ಆಫ್ರಿಕಕ್ಕೆ ಕಳಿಸಿ 196 ಮಂದಿಯನ್ನು ಕೊಳ್ಳಿಸಿತು; ಅವರಲ್ಲಿ ಕನಿಷ್ಠ 109 ಮಂದಿ ಸತ್ತರು. ಸಹೋದರರಲ್ಲೊಬ್ಬರಾದ ಮೋಸೆಸ್ ಬ್ರೌನ್ ಮುಂದೆ ಕ್ವೇಕರ್ ಪಂಥ ಸೇರಿ, ತಮ್ಮ ಗುಲಾಮರನ್ನು ಬಿಡುಗಡೆ ಮಾಡಿ, ಈ ವ್ಯಾಪಾರದ ವಿರುದ್ಧವೇ ಹೋರಾಡಿದರು. ಊರಿನ ಕಪ್ಪು ಕ್ರೈಸ್ತರು 1819–20ರಲ್ಲಿ ತಮ್ಮದೇ ಸಭಾಗೃಹ ಕಟ್ಟಲು ಹೊರಟಾಗ ಜಾಗ ಒದಗಿಸಿದವರೂ ಅವರೇ. ಪ್ರತ್ಯೇಕ ಗ್ಯಾಲರಿಯಲ್ಲಿ ಕೂತು ಸ್ವಾತಂತ್ರ್ಯದ ಪ್ರಸಂಗ ಕೇಳಿದವರ ಕಥೆಯನ್ನು ಬಿಟ್ಟು ಗೋಪುರದ ಅಂದವನ್ನಷ್ಟೇ ಹೊಗಳಿದರೆ ಈ ಸಭೆಗೆ ನಾವು ಮಾಡುವ ಅನ್ಯಾಯವಾಗುತ್ತದೆ.

ಇಂದಿಗೂ ಮೇ ತಿಂಗಳ ಕೊನೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪದವಿ ಪ್ರದಾನದ ಹೊತ್ತಿಗೆ ತಮ್ಮ ಕಾಲೇಜು ಗುಡ್ಡದಿಂದ ಮೆರವಣಿಗೆಯಲ್ಲಿ ಇಳಿದು ಈ ಮನೆಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಕಟ್ಟಡವನ್ನು ನೋಡಲೆಂದು ಪ್ರವಾಸಿಗರು ಬರುತ್ತಾರೆ. ನಾನು ಹೋದದ್ದು ಒಂದು ಸಾಮಾನ್ಯ ಭಾನುವಾರ. ಬಣ್ಣವಿಲ್ಲದ ಗಾಜಿನ ಎತ್ತರದ ಕಿಟಕಿಗಳಿಂದ ಬೆಳಗಿನ ಬೆಳಕು ನೇರವಾಗಿ ಒಳಗೆ ಬೀಳುತ್ತಿತ್ತು. ಹೆಚ್ಚಿನ ಬೆಂಚುಗಳು ಖಾಲಿ ಇದ್ದವು. ಕೂಡಿದ್ದವರಲ್ಲಿ ವಯಸ್ಸಾದವರೂ ಕೆಲವು ವಿದ್ಯಾರ್ಥಿಗಳೂ ಚಿಕ್ಕ ಮಕ್ಕಳಿರುವ ಒಂದೆರಡು ಕುಟುಂಬಗಳೂ ಇದ್ದವು. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ. ಸಭಾಪಾಲಕರನ್ನು ಆರಿಸುವುದು, ಹಣದ ಲೆಕ್ಕ ಒಪ್ಪುವುದು ಎಲ್ಲವೂ ಸದಸ್ಯರ ಮತದಿಂದಲೇ ನಡೆಯುತ್ತದೆ. ಇಷ್ಟು ಕಡಿಮೆ ಜನ ಇಷ್ಟು ಹಳೆಯ ಮರದ ಮನೆಯ ಸೂರು, ಬಣ್ಣ, ಬೆಚ್ಚಗಿನ ವ್ಯವಸ್ಥೆಗಳನ್ನೆಲ್ಲ ಹೊತ್ತುಕೊಂಡಿರುವುದನ್ನು ನೋಡಿ ನನಗೆ ಚಿಂತೆಯೂ ಆಯಿತು, ಗೌರವವೂ ಹೆಚ್ಚಿತು.

ಅಂದು ಕರ್ತನ ಭೋಜನವಿತ್ತು; ಯೇಸುವಿನ ಕೊನೆಯ ಊಟವನ್ನು ನೆನೆದು ಸಭೆ ರೊಟ್ಟಿ ಹಂಚಿಕೊಳ್ಳುವ ಆಚರಣೆ ಅದು. ವಿಲಿಯಮ್ಸ್ ಒಂದು ಕಾಲದಲ್ಲಿ ತಮ್ಮ ಹೆಂಡತಿಯ ಹೊರತು ಬೇರೆ ಯಾರೊಂದಿಗೂ ಆ ಭೋಜನದಲ್ಲಿ ಪಾಲುಗೊಳ್ಳುತ್ತಿರಲಿಲ್ಲವೆಂದು ಅವರ ಸಮಕಾಲೀನರಾದ ಜಾನ್ ವಿಂಥ್ರಪ್ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತಿದ್ದಾಗ, ಮಗುವಾಗಿದ್ದಾಗ ದೀಕ್ಷಾಸ್ನಾನ ಪಡೆದವಳು ಇದನ್ನು ತೆಗೆದುಕೊಳ್ಳಬಹುದೇ ಎಂದು ಪಕ್ಕದಲ್ಲಿದ್ದ ವೃದ್ಧೆಯನ್ನು ಮೆಲ್ಲನೆ ಕೇಳಿದೆ. ಅದನ್ನು ನೀವೇ ತೀರ್ಮಾನಿಸಬೇಕಲ್ಲವೇ ಎಂದು ಹೇಳಿ ಅವರು ರೊಟ್ಟಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನಾನು ಒಂದು ತುಂಡು ತೆಗೆದುಕೊಂಡು ತಟ್ಟೆಯನ್ನು ಮುಂದಿನವರಿಗೆ ದಾಟಿಸಿದೆ.