ಕೋಟೆ ಬಾಗಿಲಿಗೊಂದು ಕೈಪಿಡಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಹಲವು ಬಾಗಿಲುಗಳಲ್ಲಿ ನೇರವಾಗಿ ಒಳನುಗ್ಗುವ ದಾರಿಯಿಲ್ಲ. ಎರಡು ಗೋಡೆಗಳ ನಡುವೆ ತಿರುಗಿಯೇ ಹೋಗಬೇಕು. ಅಂಥದೊಂದು ಬಾಗಿಲನ್ನು ನಾನು ಒಂದಕ್ಕೊಂದು ಸಿಕ್ಕಿಸುವ ಲೆಗೊ ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿಟ್ಟಿದ್ದೆ. ದಾವಣಗೆರೆಯಲ್ಲಿರುವ ತಂಗಿಯ ಮಗಳು ಅದನ್ನು ನೋಡಿ, ತನಗೂ ಬೇಕು, ಆದರೆ ತಾನೇ ಕಟ್ಟಬೇಕು ಎಂದು ಹಟ ಹಿಡಿದಳು. ಅಂಗಡಿಯ ಪೆಟ್ಟಿಗೆಯಲ್ಲಾದರೆ ಕೈಪಿಡಿ ಇರುತ್ತದೆ. ನಾವೇ ಕಲ್ಪಿಸಿದ ಮಾದರಿಗೆ ಅದನ್ನೂ ನಾವೇ ಬರೆಯಬೇಕು.

ಕಟ್ಟಿದ ಕ್ರಮ ಯಾರಿಗೂ ಪೂರ್ತಿ ನೆನಪಿರುವುದಿಲ್ಲವಾದ್ದರಿಂದ, ಮಾದರಿಯನ್ನು ಮೇಲಿನಿಂದ ಬಿಚ್ಚುತ್ತಾ, ಒಂದೊಂದು ಪದರಕ್ಕೂ ಫೋಟೊ ತೆಗೆದು, ಕೊನೆಗೆ ಅವನ್ನು ಹಿಂದಿನಿಂದ ಮುಂದಕ್ಕೆ ಜೋಡಿಸುವುದು ಈ ಹವ್ಯಾಸದವರ ರೂಢಿ. ಅದು ಅರ್ಧ ಕೆಲಸ ಮಾತ್ರ. ಕೋಟೆಯ ಕಲ್ಲುಗಳು ಒಂದೇ ಸಮದಲ್ಲಿ ಕಾಣಬಾರದೆಂದು ನಾನು ಅಲ್ಲಲ್ಲಿ ಜಂಪರ್ ಪ್ಲೇಟ್ ಹಾಕಿದ್ದೆ. ಇಟ್ಟಿಗೆಯ ಮೇಲಿನ ಎರಡು ಸ್ಟಡ್‌ಗಳ, ಅಂದರೆ ದುಂಡನೆಯ ಉಬ್ಬುಗಳ, ಕೇಂದ್ರಗಳ ನಡುವೆ 8 ಮಿಲಿಮೀಟರ್ ಅಂತರವಿದ್ದರೆ, ಈ ಪ್ಲೇಟಿನ ನಡುಮಧ್ಯದಲ್ಲಿರುವ ಒಂದೇ ಸ್ಟಡ್ ಮೇಲಿನ ಇಟ್ಟಿಗೆಯನ್ನು 4 ಮಿಲಿಮೀಟರ್ ಸರಿಸಿ ಕೂರಿಸುತ್ತದೆ. ಎದುರಿನಿಂದ ತೆಗೆದ ಫೋಟೊದಲ್ಲಿ ಆ ಸರಿತ ಕಾಣುವುದೇ ಇಲ್ಲ.

ಹಾಗಾಗಿ ಇಡೀ ಮಾದರಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದೆ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ರೂಪಿಸಿದ ಎಲ್‌ಡ್ರಾ ಎಂಬ ಕಡತ ವಿನ್ಯಾಸದಲ್ಲಿ ಪ್ರತಿ ಇಟ್ಟಿಗೆಗೂ ಒಂದು ಸಾಲು ಇರುತ್ತದೆ. ಹಂತ ಮುಗಿಯುವಲ್ಲಿ ‘ಸ್ಟೆಪ್’ ಎಂಬ ಸಾಲು ಬರುತ್ತದೆ. ಇಟ್ಟಿಗೆಗಳ ಸಾಲುಗಳನ್ನು ಬರೆಯುವುದು ಕಷ್ಟವಲ್ಲ. ಆ ಒಂದು ಸಾಲನ್ನು ಎಲ್ಲಿ ಹಾಕಬೇಕೆಂಬುದರಲ್ಲಿಯೇ ಕೈಪಿಡಿಯ ಗುಣವಿದೆ ಎಂಬುದು ನನ್ನ ಅಭಿಪ್ರಾಯ.

ಭಾನುವಾರ ಅವಳು ಬಂದಾಗ ಮುದ್ರಿಸಿದ ಹಾಳೆಗಳನ್ನು ಕೈಗಿತ್ತು, ನಾನು ಬಾಯಿ ಬಿಡುವುದಿಲ್ಲವೆಂದು ಮೊದಲೇ ಹೇಳಿದೆ. ತಳಪಾಯ ಸರಾಗವಾಗಿ ಮುಗಿಯಿತು. ಅನಂತರ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ದೊಡ್ಡಮ್ಮ, ಇದು ಯಾವ ಬೂದು?” ಎಂದು ಕೇಳಿದಳು. ಮುದ್ರಣದಲ್ಲಿ ತಿಳಿ ಬೂದು, ಗಾಢ ಬೂದು ಎರಡೂ ಒಂದಾಗಿದ್ದವು. ಲೆಗೊದವರ ಕೈಪಿಡಿಗಳಲ್ಲಿ ಕಪ್ಪು ಇಟ್ಟಿಗೆಯ ಅಂಚುಗಳನ್ನು ತಿಳಿ ಗೆರೆಯಿಂದ ಏಕೆ ಬಿಡಿಸುತ್ತಾರೆಂಬುದು ಆಗ ಚೆನ್ನಾಗಿ ಅರ್ಥವಾಯಿತು. ಉತ್ತರ ಹೇಳಲಿಲ್ಲ, ಪೆನ್ಸಿಲಿನಿಂದ ಆ ಪುಟಕ್ಕೆ ಗುರುತು ಹಾಕಿಕೊಂಡೆ.

ದೊಡ್ಡ ತಡೆ ಬಂದದ್ದು ಒಳತಿರುವಿನಲ್ಲಿ. ಎರಡೂ ಗೋಡೆಗಳು ಎದ್ದ ಮೇಲೆ ನಡುವಿನ ಕಂಬವನ್ನು ನಿಲ್ಲಿಸುವಂತೆ ಹಂತವಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಇಟ್ಟಿಗೆಯು ಗಾಳಿಯಲ್ಲಿ ಇಳಿದು ಕೂರುತ್ತದೆ, ಮೇಜಿನ ಮೇಲೆ ಬೆರಳು ಒಳಗೆ ಹೋಗಬೇಕು. ಅವಳು ಅತ್ತಿತ್ತ ತಿರುಗಿಸಿ ನೋಡಿ, ಮಾತಿಲ್ಲದೆ ಹೊರಗೋಡೆಯ ಮೂರು ಸಾಲು ಕಿತ್ತು, ಕಂಬ ನಿಲ್ಲಿಸಿ, ಗೋಡೆಯನ್ನು ಮತ್ತೆ ಏರಿಸಿದಳು.

ಸಂಜೆ ಅವಳ ಪಕ್ಕದಲ್ಲಿಯೇ ಕುಳಿತು, ಕಂಬದ ಹಂತವನ್ನು ಹೊರಗೋಡೆಗಿಂತ ಮೊದಲಿಗೆ ತಂದೆ. ಜಂಪರ್ ಪ್ಲೇಟ್ ಬರುವ ಕಡೆಗಳಲ್ಲಿ ನೋಟವನ್ನು ಮೇಲಿನಿಂದ ಕಾಣುವಂತೆ ತಿರುಗಿಸಿ, ಪ್ರತಿ ಹಂತದ ಮೂಲೆಯಲ್ಲಿ ಬೇಕಾದ ಇಟ್ಟಿಗೆಗಳ ಚಿತ್ರದ ಕೆಳಗೆ ಬಣ್ಣದ ಹೆಸರನ್ನೂ ಬರೆಸಿದೆ. ಹೆಸರು ಬರೆಯುವ ಸಲಹೆ ಅವಳದು. ಬಾಗಿಲಿನ ಮೇಲೊಂದು ಬುರುಜು ಬೇಕೆಂಬ ಇನ್ನೊಂದು ಸಲಹೆಯನ್ನು ಮಾತ್ರ ಮುಂದಿನ ರಜೆಗೆ ತಳ್ಳಿದ್ದೇನೆ.