ನಾಲ್ಕು ಬಣ್ಣಗಳ ಜೋರ್ನ್

ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ 1896ರಲ್ಲಿ ತನ್ನದೇ ಒಂದು ಚಿತ್ರ ಬರೆದುಕೊಂಡ. ಅದು ಸ್ಟಾಕ್‌ಹೋಮ್‌ನ ನ್ಯಾಷನಲ್‌ಮ್ಯೂಸಿಯಂನಲ್ಲಿದೆ. ಮುಂದೆ ಜೋರ್ನ್ ಕೂತಿದ್ದಾನೆ, ಹಿಂದೆ ಮಬ್ಬುಗತ್ತಲಲ್ಲಿ ಅವನ ರೂಪದರ್ಶಿ. ಎಲ್ಲರ ಕಣ್ಣೂ ಮೊದಲು ಅವನ ಮುಖದ ಕಡೆಗೇ ಹೋಗುತ್ತದೆ. ನಮ್ಮ ಪೇಂಟಿಂಗ್ ಟೀಚರ್ ಮಾತ್ರ, "ಮುಖ ಎಲ್ಲೂ ಓಡಿ ಹೋಗಲ್ಲ, ಮೊದಲು ಕೈಯಲ್ಲಿರೋ ಪ್ಯಾಲೆಟ್ ನೋಡಿ" ಅಂದರು.

ಪ್ಯಾಲೆಟ್ ಅಂದರೆ ಬಣ್ಣ ಕಲಸುವ ಹಲಗೆ. ಅದರ ಮೇಲೆ ಇರುವುದು ಬಿಳಿ, ಓಕರ್ ಅನ್ನುವ ಮಣ್ಣಿನ ಹಳದಿ, ವರ್ಮಿಲಿಯನ್ ಕೆಂಪು, ಕಪ್ಪು. ಅಷ್ಟೇ. ನೀಲಿ ಇಲ್ಲ, ಹಸಿರು ಇಲ್ಲ. ಚಿತ್ರ ಬರೆಯುವವರು ಇವತ್ತಿಗೂ ಇದನ್ನು 'ಜೋರ್ನ್ ಪ್ಯಾಲೆಟ್' ಅಂತಲೇ ಕರೆಯುತ್ತಾರೆ.

ಸ್ಟಾಕ್‌ಹೋಮ್‌ಗೆ ನಾನು ಬಂದದ್ದು ಕೆಲಸಕ್ಕೆ. ಇಲ್ಲಿನ ಚಳಿಗಾಲದಲ್ಲಿ ಮೂರು ಗಂಟೆಗೆಲ್ಲ ಕತ್ತಲಾಗುತ್ತದೆ. ಸಂಜೆ ಮನೆಯಲ್ಲಿ ಸುಮ್ನೆ ಕೂರಲಾಗದೆ ಒಂದು ಪೇಂಟಿಂಗ್ ಕ್ಲಾಸಿಗೆ ಸೇರಿದೆ. ಟೀಚರ್ ಸ್ವೀಡನ್ನಿನ ದಾಲಾರ್ನಾ ಸೀಮೆಯ ಕಡೆಯವರು, ಜೋರ್ನ್ ಹುಟ್ಟಿದ್ದೂ ಅದೇ ಸೀಮೆಯ ಮೂರಾ ಊರಿನಲ್ಲಿ, 1860ರಲ್ಲಿ. ಅವನ ವಿಷಯ ಬಂದರೆ ಸಾಕು, ಅವರ ದನಿಯೇ ಬದಲಾಗುತ್ತದೆ. ಆ ಶನಿವಾರ ನಮ್ಮನ್ನೆಲ್ಲ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದು ಅವರೇ.

ಚಿತ್ರದಿಂದ ಹತ್ತು ಹೆಜ್ಜೆ ದೂರ ನಿಂತರೆ ಒಬ್ಬ ದಪ್ಪ ಮೀಸೆಯ ಮನುಷ್ಯ ಕಾಣುತ್ತಾನೆ, ಮೈಯಲ್ಲಿ ರಕ್ತ ಓಡುತ್ತಿದೆ ಅನ್ನಿಸುವಷ್ಟು ಜೀವಂತವಾಗಿ. ಗಾರ್ಡ್ ಏನೂ ಅನ್ನದಷ್ಟು ಹತ್ತಿರ ಹೋದೆ. ಕೈ ಮಾಯವಾಯಿತು! ಅಗಲ ಬ್ರಶ್‌ನಿಂದ ಎಳೆದ ಕೆಲವೇ ಪಟ್ಟಿಗಳು ಉಳಿದವು. ಒಂದು ತುಸು ಕೆಂಪು, ಪಕ್ಕದ್ದು ಬೂದು, ಅದರ ಮೇಲೆ ದಪ್ಪಗೆ ಕೂತ ಒಂದು ತಿಳಿ ಬಣ್ಣದ ಗೀರು. ಎರಡು ಬಣ್ಣ ಸೇರುವ ಕಡೆ ತಿದ್ದಿ ತೀಡಿ ನುಣುಪು ಮಾಡಿದ ಗುರುತೇ ಇಲ್ಲ. ಇಟ್ಟ ಬಣ್ಣವನ್ನು ಇಟ್ಟಲ್ಲೇ ಬಿಟ್ಟಿದ್ದಾನೆ. ಮತ್ತೆ ಹಿಂದೆ ಸರಿದೆ. ಆ ಪಟ್ಟಿಗಳೇ ಗೆಣ್ಣಾದವು, ಬೆರಳಾದವು. ಎಷ್ಟು ಸಲ ಹೀಗೆ ಹಿಂದೆ ಮುಂದೆ ಓಡಾಡಿದೆನೋ, ಲೆಕ್ಕ ಇಟ್ಟಿಲ್ಲ.

ಹಿಂದಿನ ಕತ್ತಲೂ ಬರೀ ಕಪ್ಪಲ್ಲ. ಕಪ್ಪಿನೊಳಗೆ ವರ್ಮಿಲಿಯನ್ ಸೇರಿ ಬೆಚ್ಚಗಿನ ಕಂದು ಆಗಿದೆ. ರೂಪದರ್ಶಿ ಅದರೊಳಗೆ ಅರ್ಧ ಮುಳುಗಿದ್ದಾಳೆ. ಅವಳನ್ನು ಬರೆದ ಬಣ್ಣವೂ ಇವನ ಮುಖದ ಬಣ್ಣವೂ ಒಂದೇ ಕುಟುಂಬದ್ದು. ಅದಕ್ಕೇ ಇಡೀ ಚಿತ್ರ ಒಂದೇ ಕೋಣೆಯ ಗಾಳಿಯಲ್ಲಿ ಇದ್ದಂತಿದೆ.

"ಇವನು ಮೊದಲು ನೋಡಿದ್ದು ಬಣ್ಣ ಅಲ್ಲ, ಬೆಳಕು ಎಷ್ಟು, ಕತ್ತಲು ಎಷ್ಟು ಅನ್ನೋದನ್ನ. ಅದು ಸರಿಯಾದ್ರೆ ನಾಲ್ಕು ಬಣ್ಣ ಧಾರಾಳ ಸಾಕು" ಅಂದರು ಟೀಚರ್. ಕ್ಲಾಸಿನಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ಅವನಿಗೆ ಈ ಕಣ್ಣು ಬಂದದ್ದು ವಾಟರ್ ಕಲರ್‌ನಿಂದ ಅಂತ ನನಗೆ ಅನ್ನಿಸುತ್ತದೆ. ಇಪ್ಪತ್ತೇಳು ವಯಸ್ಸಿನವರೆಗೂ ಅವನು ಮುಖ್ಯವಾಗಿ ವಾಟರ್ ಕಲರ್ ಕಲಾವಿದನೇ. ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ, 1887-88ರ ಚಳಿಗಾಲದಲ್ಲಿ, ಆಯಿಲ್ ಪೇಂಟನ್ನು ಗಟ್ಟಿಯಾಗಿ ಹಿಡಿದ. ಆಗ ಬರೆದ ಮೀನುಗಾರನ ಚಿತ್ರವನ್ನು ಫ್ರಾನ್ಸ್ ಸರ್ಕಾರವೇ ಕೊಂಡುಕೊಂಡಿತು! ವಾಟರ್ ಕಲರ್‌ನಲ್ಲಿ ಹಾಕಿದ್ದನ್ನು ಅಳಿಸುವುದು ಕಷ್ಟ. ಬ್ರಶ್ ಕಾಗದ ಮುಟ್ಟುವ ಮೊದಲೇ ತೀರ್ಮಾನ ಆಗಿರಬೇಕು. ಆ ಶಿಸ್ತೇ ಆಯಿಲ್‌ಗೂ ಬಂದಿದೆ. 1886ರಲ್ಲಿ ಬರೆದ 'ಸೊಮ್ಮರ್‌ನೋಯೆ' ಎಂಬ ವಾಟರ್ ಕಲರ್ ಇದೆ, ಹೆಂಡತಿ ಎಮ್ಮಾ ಬಿಳಿ ಉಡುಪಿನಲ್ಲಿ ನೀರಿನ ಅಂಚಿನ ಕಟ್ಟೆಯ ಮೇಲೆ ನಿಂತಿದ್ದಾಳೆ, ದೋಣಿಯಲ್ಲಿ ಒಬ್ಬ ಗೆಳೆಯ ಬರುತ್ತಿದ್ದಾನೆ. 2010ರಲ್ಲಿ ಅದು 2.6 ಕೋಟಿ ಸ್ವೀಡಿಷ್ ಕ್ರೋನರ್‌ಗೆ ಹರಾಜಾಯಿತು. ಖಾಸಗಿಯವರ ಕೈಯಲ್ಲಿರುವುದರಿಂದ ನಾನು ನೋಡಿರುವುದು ಪ್ರಿಂಟ್ ಮಾತ್ರ. ಆ ನೀರಿನ ಒಂದೊಂದು ಅಲೆಯೂ ಆಕಾಶದ ಬೇರೆ ಬೇರೆ ತುಂಡನ್ನು ಹಿಡಿದುಕೊಂಡಿರುವುದು ಪ್ರಿಂಟ್‌ನಲ್ಲೂ ಗೊತ್ತಾಗುತ್ತದೆ.

ಆಮೇಲೆ 'ಮಿಡ್‌ಸೊಮ್ಮರ್‌ಡಾನ್ಸ್' ಮುಂದೆ ನಿಂತೆವು. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಲಂಡನ್, ಪ್ಯಾರಿಸ್ ಅಂತ ವರ್ಷಗಟ್ಟಲೆ ಹೊರಗಿದ್ದು, ಹೆಸರು ದುಡ್ಡು ಎರಡೂ ಮಾಡಿ, 1896ರಲ್ಲಿ ಮೂರಾಗೆ ವಾಪಸ್ ಬಂದ. ಮರು ವರ್ಷವೇ ಬರೆದದ್ದು ಇದು. ಬೇಸಿಗೆಯ ನಡುವಿನ ಹಬ್ಬದ ರಾತ್ರಿ, ಹಳ್ಳಿಯ ಜನ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದಾರೆ. ಲಂಗಗಳು ಗಿರ್ರನೆ ತಿರುಗುತ್ತಿವೆ. ಹಿಂದೆ ಮರದ ಮನೆಗಳು, ಹಬ್ಬಕ್ಕೆ ನಿಲ್ಲಿಸಿದ ಕಂಬ.

ಈ ನಾಡಿನ ಜೂನ್ ರಾತ್ರಿ ನೋಡಿದವರಿಗೆ ಈ ಬೆಳಕು ತಟ್ಟನೆ ಗೊತ್ತಾಗುತ್ತದೆ. ಹಗಲೂ ಅಲ್ಲ, ಕತ್ತಲೂ ಅಲ್ಲ. ಎಲ್ಲದರ ಮೇಲೂ ಒಂದು ತಣ್ಣನೆಯ ಬೂದು. ನೆರಳು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಹೇಳೋದೇ ಕಷ್ಟ. ಹುಲ್ಲು ಕೂಡ ಬೂದು ಮಿಶ್ರಿತ ಹಸಿರು. ಇಂಥ ಮಂಕು ಬೆಳಕಿನಲ್ಲಿ ಕುಣಿತದ ಅಬ್ಬರ ತೋರಿಸಬೇಕು, ಹೇಗೆ? ಗಂಡಸರ ಅಂಗಿಯ ಬಿಳಿ ತೋಳುಗಳನ್ನು ನೋಡಿ. ಅವು ಕ್ಯಾನ್ವಾಸಿನ ತುಂಬ ಅಲ್ಲಲ್ಲಿ ಹೊಳೆಯುತ್ತವೆ. ಕಣ್ಣು ಒಂದು ತೋಳಿನಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ನೋಡುವವರೂ ಸುತ್ತು ಹೊಡೆದಂತಾಗುತ್ತದೆ. ದೂರದ ಜೋಡಿಗಳಿಗೆ ಮುಖವೇ ಇಲ್ಲ ಅನ್ನಬಹುದು. ಬೇಕಾಗಿಯೂ ಇಲ್ಲ, ಅಲ್ವಾ? ಕುಣಿಯುವವರ ಮುಖ ಯಾರಿಗೆ ನೆಟ್ಟಗೆ ಕಾಣುತ್ತದೆ!

ಆ ಮನೆಯ ಕಿಟಕಿಯ ಗಾಜಿನ ಮೇಲೆ ಮಾತ್ರ ಸೂರ್ಯನ ಬೆಳಕು ಕೆಂಡದಂತೆ ಉರಿಯುತ್ತಿದೆ. ಇಡೀ ಚಿತ್ರದಲ್ಲಿ ಸೂರ್ಯ ಇದ್ದಾನೆ ಅನ್ನುವುದಕ್ಕೆ ಅದೇ ದೊಡ್ಡ ಸಾಕ್ಷಿ. ಸುತ್ತಲಿನ ಬೂದು ಇಲ್ಲದಿದ್ದರೆ ಆ ಪುಟ್ಟ ಬಣ್ಣಕ್ಕೆ ಅಷ್ಟು ಕಾವು ಬರುತ್ತಲೇ ಇರಲಿಲ್ಲ.

ಜೋರ್ನ್‌ನನ್ನು ಅವನ ಕಾಲದ ಚಿತ್ರಕಾರರಾದ ಸಾರ್ಜೆಂಟ್, ಸೊರೋಯಾ ಜೊತೆ ಸೇರಿಸಿ, ಇವರೆಲ್ಲ ಕೈಚಳಕದವರು, ಒಳಗೇನೂ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪಲ್ಲ. ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಚಿತ್ರ ಬರೆದವನೇ ತನ್ನೂರಿನ ರೈತರ ಕುಣಿತವನ್ನೂ ಅಷ್ಟೇ ಮರ್ಯಾದೆಯಿಂದ ಬರೆದ. ಹಳ್ಳಿಯ ಪಿಟೀಲು ಮರೆತುಹೋಗುತ್ತಿದೆ ಎಂದು 1906ರಲ್ಲಿ ತಾನೇ ನಿಂತು ಸ್ಪರ್ಧೆ ನಡೆಸಿದ. ಆ ಅಕ್ಕರೆ ಈ ಕ್ಯಾನ್ವಾಸಿನಲ್ಲಿದೆ. ಬರೀ ಕೈಚಳಕಕ್ಕೆ ಇಂಥದ್ದು ದಕ್ಕುವುದಿಲ್ಲ.

ಮನೆಗೆ ಬಂದವಳೇ ಗ್ವಾಶ್, ಅಂದರೆ ನೀರಲ್ಲಿ ಕಲಸುವ ದಪ್ಪನೆಯ ಬಣ್ಣ, ತೆಗೆದೆ. ಕಪ್ಪಿಗೆ ಬಿಳಿ ಬೆರೆಸಿ ಕಾಗದದ ಮೇಲೆ ಒಂದು ಪಟ್ಟಿ ಎಳೆದೆ. ಬೂದು, ಅಷ್ಟೇ. ಅದರ ಸುತ್ತ ಓಕರ್, ವರ್ಮಿಲಿಯನ್, ಬಿಳಿ ಸೇರಿಸಿ ಚರ್ಮದ ಬಣ್ಣ ತುಂಬಿದೆ. ನಡುವಿನ ಪಟ್ಟಿ ನೀಲಿಯಾಗಿ ಕಂಡಿತು! ಐವರಿ ಬ್ಲ್ಯಾಕ್ ಅನ್ನುವ ಈ ಕಪ್ಪು ಸ್ವಭಾವದಲ್ಲೇ ತಣ್ಣನೆಯದು, ಅಂದರೆ ನೀಲಿಯತ್ತ ವಾಲುವಂಥದ್ದು, ಪಕ್ಕದಲ್ಲಿ ಬೆಚ್ಚನೆಯ ಬಣ್ಣ ಬಿದ್ದರೆ ಕಣ್ಣು ಅದನ್ನು ನೀಲಿ ಅಂತ ಓದಿಕೊಳ್ಳುತ್ತದೆ. ಅದೇ ಕಪ್ಪಿಗೆ ಓಕರ್ ಹಾಕಿದರೆ ಎಲೆ ಬಾಡಿದ ಹಸಿರು ಬರುತ್ತದೆ. ಗಂಡನನ್ನು ಕೂಗಿ ತೋರಿಸಿದೆ. "ನೀಲಿ ಯಾವಾಗ ತಂದೆ?" ಅಂದ. ನನಗೆ ಆದ ಖುಷಿ ಹೇಳತೀರದು.

ಜೋರ್ನ್ ಜೀವನವಿಡೀ ನಾಲ್ಕೇ ಬಣ್ಣ ಹಿಡಿದು ಕೂತಿದ್ದ ಅಂತಲ್ಲ. ಸಮುದ್ರಕ್ಕೆ, ಹುಲ್ಲಿಗೆ ಬೇಕಾದಾಗ ಬೇರೆಯದನ್ನೂ ತೆಗೆದುಕೊಂಡಿದ್ದಾನೆ. ಮುಖಕ್ಕೆ, ಮೈಬಣ್ಣಕ್ಕೆ, ಒಳಮನೆಯ ಬೆಳಕಿಗೆ ಈ ನಾಲ್ಕು ಅವನ ಕೈಗೆ ಒಗ್ಗಿದ್ದವು.

ಮುಂದಿನ ಬೇಸಿಗೆಯಲ್ಲಿ ಟೀಚರ್ ನಮ್ಮನ್ನು ರೈಲಿನಲ್ಲಿ ಮೂರಾಗೆ ಕರೆದೊಯ್ಯುತ್ತಾರಂತೆ. ಅವನ ಮನೆ ಅಲ್ಲೇ ಇದೆ, 1939ರಲ್ಲಿ ತೆರೆದ ಜೋರ್ನ್ ಮ್ಯೂಸಿಯಂ ಕೂಡ. 1915ರಲ್ಲಿ ಬರೆದುಕೊಂಡ ಇನ್ನೊಂದು ಸ್ವಚಿತ್ರ ಅಲ್ಲಿದೆ, ಮೈತುಂಬ ಕೆಂಪು ಸೂಟು. ಅಷ್ಟು ದೊಡ್ಡ ಕೆಂಪಿನಲ್ಲಿ ಮಡಿಕೆ, ನೆರಳು, ಬೆಳಕು ಇವನ್ನೆಲ್ಲ ಹೇಗೆ ಬಿಡಿಸಿದ್ದಾನೆ ಅಂತ ಹತ್ತಿರದಿಂದ ನೋಡಬೇಕು. ಅಷ್ಟರೊಳಗೆ ವರ್ಮಿಲಿಯನ್ ಮತ್ತು ಕಪ್ಪು ಎರಡನ್ನೇ ಇಟ್ಟುಕೊಂಡು ಒಂದು ಕೆಂಪು ಬಟ್ಟೆ ಬರೆದುಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದಾರೆ. ಅಮ್ಮ ಕೊಟ್ಟ ಇಳಕಲ್ ಸೀರೆಯನ್ನು ಕುರ್ಚಿಯ ಮೇಲೆ ಹರವಿ ಶುರು ಮಾಡಿದ್ದೇನೆ.