ಚೇಳು ಕಚ್ಚಿದ್ದಕ್ಕೆ ಗೈರುಹಾಜರಿ

ನಿನ್ನೆ ರಾತ್ರಿಯಿಂದ ಒಂದು ಕಲ್ಲಿನ ಚೂರು ತಲೆಯಿಂದ ಹೋಗುತ್ತಲೇ ಇಲ್ಲ. ಈಜಿಪ್ಟಿನಲ್ಲಿ ರಾಜರ ಸಮಾಧಿ ಕೊರೆಯುತ್ತಿದ್ದ ಕೆಲಸಗಾರರ ಊರು ದೇರ್ ಎಲ್ ಮದೀನಾ. ಈ ಸುಣ್ಣಕಲ್ಲಿನ ಚೂರು ಅವರ ಹಾಜರಿ ಪಟ್ಟಿ. 3,200 ವರ್ಷಕ್ಕಿಂತ ಹಳೆಯದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು 40 ಜನರ ಹೆಸರು, ಪಕ್ಕದಲ್ಲಿ ಕೆಲಸಕ್ಕೆ ಬಾರದ ದಿನ, ಅದರ ಮೇಲೆ ಕೆಂಪು ಶಾಯಿಯಲ್ಲಿ ಕಾರಣ.

ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣು ನೋವು. ಒಬ್ಬ ಬಿಯರ್ ಮಾಡುತ್ತಾ ಮನೆಯಲ್ಲೇ ಉಳಿದಿದ್ದಾನೆ. ಇನ್ನೊಬ್ಬ ತೀರಿಕೊಂಡ ತಾಯಿಯ ದೇಹಕ್ಕೆ ಬಟ್ಟೆ ಸುತ್ತುತ್ತಿದ್ದ. ಅಲ್ಲಿ ನಿಂತುಬಿಟ್ಟೆ. ಅಮ್ಮ ಹೋದಾಗ ನಾನೂ ರಜೆ ಚೀಟಿಯಲ್ಲಿ ಹೆಚ್ಚು ಕಡಿಮೆ ಅದನ್ನೇ ಬರೆದಿದ್ದೆ.

ಅದೇ ಊರಿನವರು ಮುಂದೆ ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ ಕೆಲಸ ನಿಲ್ಲಿಸಿದರು. ಆಗ ಸಂಬಳ ಅಂದರೆ ಧಾನ್ಯ, ಒಬ್ಬ ಕೆಲಸಗಾರನಿಗೆ ತಿಂಗಳಿಗೆ ಐದೂವರೆ ಮೂಟೆ. ಅದು ಸಮಯಕ್ಕೆ ಬರಲಿಲ್ಲ. ಹಸಿವಾಗಿದೆ ಅಂತ ಹೇಳಿ ದೇವಾಲಯದ ಹಿಂದೆ ಹೋಗಿ ಕುಳಿತರು. ದಾಖಲೆ ಸಿಕ್ಕಿರುವ ಮೊದಲ ಮುಷ್ಕರ ಅದು. ದಿನಕ್ಕೆ 8 ಗಂಟೆ ಕೆಲಸ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಬಂದಿದ್ದು 1919ರಲ್ಲಿ. ಆ ಮುಷ್ಕರದಿಂದ ಈ ಒಪ್ಪಂದಕ್ಕೆ ಎಷ್ಟು ದೂರ ಅಲ್ವಾ!

ಸಮಾಧಿಯೊಳಗೆ ಮಲಗಿದ್ದ ರಾಜರ ಹೆಸರು ಶಾಲೆಯಿಂದಲೂ ನನಗೆ ಬಾಯಿಪಾಠ. ಕೊರೆದವರ ಹೆಸರು ಒಂದೂ ಗೊತ್ತಿರಲಿಲ್ಲ. ಇವತ್ತು ಕೂತು ಒಂದೊಂದಾಗಿ ಓದುತ್ತಿದ್ದೇನೆ.